ಹ್ಯಾಂಕ್ ಮೋಬ್ಲಿ: ಮೊದಲು ‘ಸೋಲ್ ಸ್ಟೇಷನ್’ ಕೇಳಬೇಕೋ, ‘ರೋಲ್ ಕಾಲ್’ ಕೇಳಬೇಕೋ?

ಜಾನ್ ಕೋಲ್ಟ್ರೇನ್, ಸನ್ನಿ ರಾಲಿನ್ಸ್‌ರಂಥ ದಿಗ್ಗಜರ ನೆರಳಲ್ಲಿ ಮರೆಯಾದ ಜಾಝ್ ಟೆನರ್ ಸ್ಯಾಕ್ಸೊಫೋನ್ ವಾದಕ ಮೋಬ್ಲಿಯನ್ನು ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಎರಡೂ ಆಲ್ಬಮ್‌ಗಳು 1960ರಲ್ಲಿ ಬ್ಲೂ ನೋಟ್ ರೆಕಾರ್ಡ್ ಕಂಪನಿಗಾಗಿ ಧ್ವನಿಮುದ್ರಣಗೊಂಡವು. ಪಿಯಾನೊ, ಬಾಸ್, ಡ್ರಮ್ಸ್‌ಗೆ ಅದೇ ಮೂವರು: ವಿಂಟನ್ ಕೆಲ್ಲಿ, ಪಾಲ್ ಚೇಂಬರ್ಸ್, ಆರ್ಟ್ ಬ್ಲೇಕಿ.

ಮೋಬ್ಲಿಯ ನಾದವನ್ನೇ ಅರಿಯಬೇಕಿದ್ದರೆ ‘ಸೋಲ್ ಸ್ಟೇಷನ್’. ಇಲ್ಲಿ ಊದುವವರು ಅವರೊಬ್ಬರೇ. ಗಡುಸೂ ಅಲ್ಲದ, ತೀರಾ ಮೆದುವೂ ಅಲ್ಲದ ದುಂಡು ದನಿ, ಮಾತಾಡಿದಂತೆ ಸಾಗುವ ಸಾಲುಗಳು. ಕದ್ರಿ ಗೋಪಾಲನಾಥರ ಆಲ್ಟೊ ಸ್ಯಾಕ್ಸೊಫೋನ್‌ಗೆ ಒಗ್ಗಿದ ಕಿವಿಗೆ ಈ ಟೆನರ್ ಮಂದ್ರವೆನಿಸುತ್ತದೆ. ರಾತ್ರಿ ಒಬ್ಬನೇ ಕೂತಾಗ ನನಗಂತೂ ಇದೇ ಬೇಕು.

‘ರೋಲ್ ಕಾಲ್’ಗೆ ಫ್ರೆಡ್ಡಿ ಹಬರ್ಡ್‌ರ ಟ್ರಂಪೆಟ್ ಸೇರಿ ಬಿಸಿ ಏರುತ್ತದೆ, ಬ್ಲೇಕಿಯ ಅಬ್ಬರವೂ ಹೆಚ್ಚು. ಗೆಳೆಯರೊಂದಿಗೆ ಕೇಳಲು ಇದು ಚೆನ್ನ. ಮೋಬ್ಲಿಯ ರಚನೆಗಳೇ ಮುಖ್ಯವೆನ್ನುವವರಿಗೂ ಇದೇ ಸರಿ: ಆರರಲ್ಲಿ ಐದು ಅವರವೇ, ‘ಸೋಲ್ ಸ್ಟೇಷನ್’ನಲ್ಲಿ ನಾಲ್ಕು.