ಎನಾಮಲ್ ವಾಚ್ ಅಂತ ನಂಬಿ 1,400 ಯೂರೋ ಕಳೆದುಕೊಂಡೆ, ನೀವೂ ಬೀಳಬೇಡಿ

ಪ್ಯಾರಿಸ್ ಕಡೆ ಹಳೇ ಪಾಕೆಟ್ ವಾಚ್ ಹುಡುಕುವ ನಮ್ಮವರು ಯಾರಾದರೂ ಇದ್ದರೆ ಓದಿ. ಹೇಳಿಕೊಳ್ಳೋಕೆ ನಾಚಿಕೆ. ಆರು ವರ್ಷದಿಂದ ಇದೇ ಹುಚ್ಚು ನನಗೆ, ಬೇರೆಯವರಿಗೆ ಬುದ್ಧಿ ಹೇಳುವವನೂ ನಾನೇ, ಆದರೂ ಬಿದ್ದೆ.

ಪ್ಯಾರಿಸ್ ಪಕ್ಕದ ಸಾಂತುವಾಂನ ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕಿತು. ಬೆಳ್ಳಿ ಕೇಸ್, ಮೇಲೆ ಚಿನ್ನದ ಗಿಲೀಟು. ಹಿಂದೆ ಕಡುನೀಲಿ, ನಡುವೆ ಕುರಿ ಕಾಯುವ ಹುಡುಗಿಯ ಚಿತ್ರ. ಕೀಲಿ ಕೊಡುವ ತೂತು ಡಯಲ್‌ನಲ್ಲೇ. 1785ರ ಹೊತ್ತಿನ ಪ್ಯಾರಿಸ್ ಕೆಲಸ, ಎನಾಮಲ್, ಅಂದರೆ ಲೋಹದ ಮೇಲೆ ಬೇಯಿಸಿದ ಬಣ್ಣದ ಗಾಜು, ಅಂದ ಮಾರುವವನು. ಕೇಸಿನ ಮೇಲೆ ಕಾಡುಹಂದಿ ತಲೆಯ ಮುದ್ರೆ ಇತ್ತು, ಬೆಳ್ಳಿ ಅಸಲಿ ಅಂತ ಪ್ಯಾರಿಸ್‌ನಲ್ಲಿ ಹೊಡೆಯುತ್ತಿದ್ದ ಸರ್ಕಾರಿ ಗುರುತು. ಅದು ಶುರುವಾಗಿದ್ದೇ 1838ರಲ್ಲಿ ಅಲ್ವಾ ಅಂತ ಕೇಳಿದೆ. ನಕ್ಕ. "ಹಳೇ ಮಾಲು ಮತ್ತೆ ಮಾರಾಟಕ್ಕೆ ಬಂದಾಗ ಹೊಡೆದದ್ದು, ನಿಮಗೆ ಗೊತ್ತಿರಬೇಕಲ್ಲ" ಅಂದ. ಹಾಗೆ ಹೊಡೆಯುತ್ತಿದ್ದದ್ದುಂಟು, ಅದು ಸುಳ್ಳಲ್ಲ. ಆದರೆ ಗೊತ್ತಿರಬೇಕಲ್ಲ ಅಂದನಲ್ಲ, ಅಲ್ಲೇ ನಾನು ಉಬ್ಬಿಹೋದೆ. 1,700 ಹೇಳಿದ್ದನ್ನು ಚೌಕಾಸಿ ಮಾಡಿ 1,400ಕ್ಕೆ ಇಳಿಸಿ, ಗೆದ್ದೆ ಅಂದುಕೊಂಡು ಮನೆಗೆ ಬಂದೆ. ಗೆದ್ದೆನಂತೆ!

ಮುಂದಿನ ವಾರ ಕ್ಲೀನ್ ಮಾಡಿಸೋಕೆ ವಾಚ್ ರಿಪೇರಿಯ ಅಜ್ಜನ ಹತ್ತಿರ ಹೋದೆ. ಆತ ಲೂಪ್ (ಕಣ್ಣಿಗೆ ಹಿಡಿದು ನೋಡುವ ಭೂತಗನ್ನಡಿ) ನನ್ನ ಕೈಗೇ ಕೊಟ್ಟು, ಹುಡುಗಿಯ ಕೆನ್ನೆ ನೋಡು ಅಂದರು. ಚುಕ್ಕಿ. ಪೇಪರಿನ ಫೋಟೋದಲ್ಲಿ ಇರುತ್ತಲ್ಲ, ಹಾಗೆ ಸಾಲು ಸಾಲು ಚುಕ್ಕಿ. ಕುಂಚದ ಗೆರೆ ಒಂದೂ ಇಲ್ಲ, ಅಚ್ಚು ಹೊಡೆದ ಚಿತ್ರ. ಅಂಚಿನಲ್ಲಿ ಸೂಜಿ ಒತ್ತಿದರು, ಗುರುತು ಬಿತ್ತು. ನಿಜವಾದ ಎನಾಮಲ್ ಅಂದರೆ 800 ಡಿಗ್ರಿ ಸುಮಾರಿನಲ್ಲಿ ಬೆಂದ ಗಾಜು, ಅದಕ್ಕೆ ಸೂಜಿ ಇಳಿಯುತ್ತಾ? ಇದು ಬರೀ ರೆಸಿನ್, ಪ್ಲಾಸ್ಟಿಕ್ ಥರದ ಅಂಟು. ಒಳಗಿನ ಮೆಷಿನ್ ಕೂಡ ಬೇರೆ ಯಾವುದೋ ವಾಚಿನದು. ಕಿವಿಯೆಲ್ಲ ಬಿಸಿಯಾಯಿತು. ಸಂತೆಯ ದಿನ ನನ್ನ ಜೇಬಿನಲ್ಲೂ ಲೂಪ್ ಇತ್ತು, ತೆಗೆದೇ ಇರಲಿಲ್ಲ.

ಮಾರಿದವನಿಗೆ ಮೆಸೇಜ್ ಹಾಕಿದೆ. "ವಾಚ್ ಓಡುತ್ತಿದೆಯಲ್ಲ ಮೊಸ್ಯೂ?" ಅಂದ, ಅಂದರೆ ಅವರ ಭಾಷೆಯ 'ಸಾರ್'. ಚುಕ್ಕಿಯ ಫೋಟೋ ಕಳಿಸಿದೆ. "200 ವರ್ಷದ ವಸ್ತು, ಯಾರೋ ರಿಪೇರಿ ಮಾಡಿರಬಹುದು." ದುಡ್ಡು ವಾಪಸ್ ಕೊಡು ಅಂದೆ. "ನೀವೇ ನೋಡಿ ತೆಗೆದುಕೊಂಡಿರಿ, ಬಿಲ್ ನೋಡಿ." ನೋಡಿದೆ. 'ಹಳೇ ವಾಚ್', ಅಷ್ಟೇ, ಎರಡು ಪದ. 1785 ಇಲ್ಲ, ಎನಾಮಲ್ ಇಲ್ಲ. ಫ್ರಾನ್ಸಿನಲ್ಲಿ 1981ರ ಒಂದು ಸರ್ಕಾರಿ ಆದೇಶವಿದೆ, ಮಾರುವವನು ಬಾಯಲ್ಲಿ ಹೇಳಿದ ಕಾಲ, ಮೂಲ, ಯಾವುದರಿಂದ ಮಾಡಿದ್ದು ಎಲ್ಲವನ್ನೂ ನಾವು ಕೇಳಿದರೆ ಬಿಲ್‌ನಲ್ಲಿ ಬರೆದುಕೊಡಲೇಬೇಕು. ಕೇಳಿದರೆ. ನಾನು ಕೇಳಲಿಲ್ಲ.

ದುಡ್ಡು ಕೊಡುವ ಮೊದಲು ಲೂಪ್ ಹಾಕಿ, ಹೇಳಿದ್ದನ್ನೆಲ್ಲ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಎದ್ದು ಬನ್ನಿ. ನಿಮ್ಮನ್ನು ಹೊಗಳಿದರಂತೂ ಇನ್ನೂ ಬೇಗ ಎದ್ದು ಬನ್ನಿ.

ನಿನ್ನೆ ಮತ್ತೆ ಅವನದೇ ಮೆಸೇಜ್. "300ಕ್ಕೆ ನಾನೇ ವಾಪಸ್ ತೆಗೆದುಕೊಳ್ಳಲಾ ಮೊಸ್ಯೂ?"