ಸೂಕ್ಷ್ಮ ಮನಸ್ಸಿನ ಮಗಳಿಗೆ ಸಿನಿಮಾ ಹುಡುಕಲು ‘ಡಸ್ ದ ಡಾಗ್ ಡೈ’: ಬಹಳ ಕಾಲ ಬಳಸಿದ ಮೇಲೆ ನನ್ನ ಅಭಿಪ್ರಾಯ

ಮೊದಲೇ ಒಂದು ಎಚ್ಚರಿಕೆ ಕೊಟ್ಟುಬಿಡುತ್ತೇನೆ. ಇಲ್ಲಿ ಕೆಲವು ಸಿನಿಮಾಗಳ ಕತೆ, ಕೊನೆ ಎರಡೂ ಬಯಲಾಗುತ್ತವೆ. ಬೇರೆ ದಾರಿಯಿಲ್ಲ. ನಾನು ಬರೆಯುತ್ತಿರುವುದೇ ಕತೆಯಲ್ಲಿ ಏನಾಗುತ್ತದೆ ಎಂದು ಮೊದಲೇ ಹೇಳುವ ‘ಡಸ್ ದ ಡಾಗ್ ಡೈ’ ಎಂಬ ಜಾಲತಾಣದ ಬಗ್ಗೆ.

ನಮ್ಮ ಮಗಳಿಗೆ ಒಂಬತ್ತು ವರ್ಷ. ಸಿನಿಮಾ ಅಂದರೆ ತುಂಬಾ ಇಷ್ಟ. ಆದರೆ ಮೂರು ವಿಷಯ ತೆರೆಯ ಮೇಲೆ ಬಂದರೆ ಅವಳಿಗೆ ತಡೆಯಲು ಆಗುವುದಿಲ್ಲ. ಪ್ರಾಣಿಗೆ ನೋವಾಗುವುದು. ಮಗು ಅಮ್ಮನಿಂದ ದೂರವಾಗುವುದು. ಎಲ್ಲರೆದುರು ಯಾರನ್ನಾದರೂ ಬೈದು ಅವಮಾನ ಮಾಡುವುದು. ಹೀರೋ ಹತ್ತು ಜನರನ್ನು ಹೊಡೆದು ಉರುಳಿಸಿದರೆ ಅವಳಿಗೆ ಏನೂ ಅನಿಸುವುದಿಲ್ಲ, ಬೇಜಾರಾಗಿ ಎದ್ದು ಹೋಗುತ್ತಾಳೆ. ಮೇಷ್ಟ್ರು ಒಬ್ಬ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದರೆ ಮಾತ್ರ ರಾತ್ರಿ ಊಟ ಸೇರುವುದಿಲ್ಲ. ಇದರ ಜೊತೆಗೆ ಆಯ್ಕೆಯೂ ಬಿಗಿ. ತೀರಾ ಪುಟ್ಟ ಮಕ್ಕಳ ಕಾರ್ಟೂನ್ ಬೇಡ, ಕಿವಿಗಡಚಿಕ್ಕುವ ಸದ್ದು ಬೇಡ, ಓಡುವ ಸಬ್‌ಟೈಟಲ್ ಬೇಡ. ಅಜ್ಜಿಯೂ ಜೊತೆಗೆ ಕೂತು ನೋಡುವಂತಿರಬೇಕು. ಇಂಥವಳಿಗೆ ಭಾನುವಾರ ಒಂದು ಸಿನಿಮಾ ಹುಡುಕುವುದು ನಿಜಕ್ಕೂ ಕೆಲಸ.

ಸೆನ್ಸಾರ್ ಸರ್ಟಿಫಿಕೇಟ್ ನೋಡಿ ಆರಿಸಿದರೆ ಸಾಕಲ್ವಾ ಎಂದು ತುಂಬಾ ಜನ ಕೇಳಿದ್ದಾರೆ. ಸರ್ಟಿಫಿಕೇಟ್ ಮೊದಲಿಗಿಂತ ಈಗ ಚೆನ್ನಾಗಿದೆ, ಅದನ್ನು ಒಪ್ಪುತ್ತೇನೆ. ಹಿಂದೆ ಯು/ಎ ಅಂದರೆ ಒಂದೇ ದೊಡ್ಡ ಗುಂಪು, ಹನ್ನೆರಡರೊಳಗಿನ ಮಕ್ಕಳಿಗೆ ದೊಡ್ಡವರ ಮಾರ್ಗದರ್ಶನ ಬೇಕು ಅನ್ನುವಷ್ಟೇ ಅದರ ಅರ್ಥ. 2024ರ ಹೊಸ ನಿಯಮಗಳಲ್ಲಿ ಅದನ್ನು 7+, 13+, 16+ ಎಂದು ಒಡೆದರು. ನೆಟ್‌ಫ್ಲಿಕ್ಸ್‌ನಂಥ ಒಟಿಟಿಗಳಿಗೆ 2021ರ ಐಟಿ ನಿಯಮಗಳಿಂದಲೇ ಇಂಥ ವಿಂಗಡಣೆ ಬಂದಿತ್ತು. ಶುರುವಿನಲ್ಲಿ ಮೂಲೆಯಲ್ಲಿ ‘ಹಿಂಸೆ’, ‘ಭಯ’ ಎಂದು ಎರಡು ಪದ ಬರುತ್ತವಲ್ಲ, ಅದೂ ಆ ನಿಯಮದಿಂದಲೇ. ಆದರೆ ಇದೆಲ್ಲ ಹೇಳುವುದು ಸಿನಿಮಾ ಯಾವ ವಯಸ್ಸಿಗೆ ಸರಿ ಎಂದು. ನನಗೆ ಗೊತ್ತಾಗಬೇಕಿರುವುದು ಈ ಹುಡುಗಿಗೆ ಸರಿಯಾ ಎಂದು.

‘ಫೈಂಡಿಂಗ್ ನೀಮೊ’ ನೋಡಿ. 2003ರ ಚಿತ್ರ. ಅಮೆರಿಕದಲ್ಲಿ ಅದಕ್ಕೆ ಸಿಕ್ಕಿದ್ದು ಜಿ, ಅಂದರೆ ಯಾರು ಬೇಕಾದರೂ ನೋಡಬಹುದು. ರಕ್ತ ಕಾಣುವುದೇ ಅಪರೂಪ. ಆದರೆ ಮೊದಲ ಕೆಲವೇ ನಿಮಿಷಗಳಲ್ಲಿ ಬ್ಯಾರಕೂಡಾ ಮೀನು ದಾಳಿ ಮಾಡಿ, ಅಮ್ಮ ಮೀನು ಹೋಗಿ, ಮೊಟ್ಟೆಗಳೆಲ್ಲ ಹೋಗಿ, ಒಂದೇ ಒಂದು ಉಳಿಯುತ್ತದೆ. ನಿಯಮದ ಪ್ರಕಾರ ತಪ್ಪೇನಿಲ್ಲ. ನಮ್ಮ ಮನೆಯಲ್ಲಿ ಸಿನಿಮಾ ಅಲ್ಲಿಗೇ ಮುಗಿಯಿತು. 2007ರ ‘ತಾರೇ ಜಮೀನ್ ಪರ್’ ಇನ್ನೂ ಒಳ್ಳೆಯ ಉದಾಹರಣೆ. ಓದಲು ಕಷ್ಟಪಡುವ ಹುಡುಗನ ಕತೆ, ಮಕ್ಕಳಿಗೆ ತೋರಿಸಲೇಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದರ ಮೊದಲರ್ಧದ ತುಂಬಾ ಇರುವುದು ಶಾಲೆಯಲ್ಲಿ ಅವಮಾನ, ಮನೆಯಲ್ಲಿ ಬೈಗುಳ, ಆಮೇಲೆ ಅಮ್ಮನನ್ನು ಬಿಟ್ಟು ಹಾಸ್ಟೆಲ್‌ಗೆ ಹೋಗುವುದು. ನನ್ನ ಮಗಳ ಭಯಗಳಲ್ಲಿ ಎರಡು ಒಟ್ಟಿಗೇ ಬಂದವು. ಅದು ತುಂಬಾ ಒಳ್ಳೆಯ ಸಿನಿಮಾ, ನನಗೂ ಇಷ್ಟ. ಅವಳಿಗೆ ಇನ್ನೂ ಕೆಲವು ವರ್ಷ ಬೇಡ, ಅಷ್ಟೇ.

ಈಗ ವಿಷಯಕ್ಕೆ ಬರುತ್ತೇನೆ. ‘ಡಸ್ ದ ಡಾಗ್ ಡೈ’ 2010ರಲ್ಲಿ ಜಾನ್ ವಿಪಲ್ ಎಂಬ ಅಮೆರಿಕದವರು ಶುರು ಮಾಡಿದ ತಾಣ. ಮೊದಲಿಗೆ ಅಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಈ ಸಿನಿಮಾದಲ್ಲಿ ನಾಯಿ ಸಾಯುತ್ತಾ? ಈಗ ಪ್ರಶ್ನೆಗಳು ಇನ್ನೂರಕ್ಕೂ ಜಾಸ್ತಿ. ಬೆಕ್ಕು ಸಾಯುತ್ತಾ, ಅಪ್ಪ ಅಥವಾ ಅಮ್ಮ ಸಾಯುತ್ತಾರಾ, ಹಾವಿದೆಯಾ, ಜೇಡವಿದೆಯಾ, ಆಸ್ಪತ್ರೆಯ ದೃಶ್ಯವಿದೆಯಾ, ಸೂಜಿ ಚುಚ್ಚುತ್ತಾರಾ, ಯಾರಾದರೂ ವಾಂತಿ ಮಾಡುತ್ತಾರಾ, ದಿಢೀರನೆ ಬೆಚ್ಚಿಬೀಳಿಸುವ ದೃಶ್ಯವಿದೆಯಾ, ಕೊನೆ ದುಃಖದ್ದಾ, ಹೀಗೆ. ಸಿನಿಮಾ ನೋಡಿದವರು ಹೌದು, ಇಲ್ಲ ಎಂದು ಮತ ಹಾಕುತ್ತಾರೆ. ಖಾತೆ ಮಾಡಿಕೊಂಡರೆ ನಮಗೆ ಬೇಕಾದ ಪ್ರಶ್ನೆಗಳನ್ನು ಮೇಲಕ್ಕೆ ಪಿನ್ ಮಾಡಿ ಇಟ್ಟುಕೊಳ್ಳಬಹುದು. ಆ್ಯಪ್ ಕೂಡ ಇದೆ. ನಾನು ದುಡ್ಡು ಕೊಡದೆ, ಜಾಹೀರಾತು ಸಹಿಸಿಕೊಂಡು ಬಳಸುತ್ತಿದ್ದೇನೆ. ಅದರಿಂದ ತೊಂದರೆಯಾಗಿಲ್ಲ.

ಹೌದು, ಇಲ್ಲ ಅನ್ನುವ ಮತ ಅರ್ಧ ಸಹಾಯ. ನಿಜವಾದ ಸಹಾಯ ಸಿಗುವುದು ಅದರ ಕೆಳಗೆ ಜನ ಬರೆಯುವ ಒಂದೆರಡು ಸಾಲುಗಳಲ್ಲಿ. ಸತ್ತಂತೆ ತೋರಿಸಿ ಆಮೇಲೆ ಬದುಕಿಸುತ್ತಾರೋ, ನಿಜವಾಗಿ ಸಾಯುತ್ತದೋ? ತೆರೆಯ ಮೇಲೆ ಕಾಣಿಸುತ್ತದೋ, ಬರೀ ಮಾತಿನಲ್ಲಿ ಬರುತ್ತದೋ? ಶುರುವಿನಲ್ಲೋ, ಕೊನೆಯಲ್ಲೋ? ಈ ವ್ಯತ್ಯಾಸವೇ ನಮಗೆ ಮುಖ್ಯ. 1988ರ ಜಪಾನಿ ಚಿತ್ರ ‘ಮೈ ನೇಬರ್ ಟೊಟೊರೊ’ ನಮ್ಮ ಮನೆಯಲ್ಲಿ ಸಾಧ್ಯವಾಗಿದ್ದು ಇದರಿಂದಲೇ. ಅದರಲ್ಲಿ ಖಳನಾಯಕನೇ ಇಲ್ಲ. ಆದರೆ ಅಮ್ಮ ಆಸ್ಪತ್ರೆಯಲ್ಲಿ ಇರುತ್ತಾಳೆ. ಕೊನೆಯ ಹೊತ್ತಿಗೆ ಪುಟ್ಟ ತಂಗಿ ಕಳೆದುಹೋಗುತ್ತಾಳೆ, ಕೆರೆಯಲ್ಲಿ ಒಂದು ಚಪ್ಪಲಿ ಸಿಗುತ್ತದೆ. ಗೊತ್ತಿಲ್ಲದೆ ಕೂತಿದ್ದರೆ ಆ ಚಪ್ಪಲಿ ಕಂಡ ಕೂಡಲೇ ಇವಳು ಟಿವಿ ಆರಿಸುತ್ತಿದ್ದಳು. ಅಮ್ಮನಿಗೆ ಏನೂ ಆಗುವುದಿಲ್ಲ, ಆ ಚಪ್ಪಲಿ ತಂಗಿಯದಲ್ಲ ಎಂದು ಮೊದಲೇ ಹೇಳಿದ್ದೆ. ಪೂರ್ತಿ ನೋಡಿದಳು. ಈಗ ಅದು ಅವಳ ಅತಿ ಪ್ರೀತಿಯ ಸಿನಿಮಾ.

‘ಪ್ಯಾಡಿಂಗ್ಟನ್’ ಎಂಬ ಕರಡಿಯ ಚಿತ್ರಗಳೂ ಹಾಗೆಯೇ. 2014ರ ಮೊದಲ ಚಿತ್ರದಲ್ಲಿ ಭೂಕಂಪದಲ್ಲಿ ಕರಡಿಯ ಮಾವ ಸಾಯುತ್ತಾನೆ, ಆಮೇಲೆ ಒಬ್ಬಳು ಕರಡಿಯ ಹೊಟ್ಟೆಗೆ ಹುಲ್ಲು ತುಂಬಿ ಮ್ಯೂಸಿಯಂನಲ್ಲಿ ಇಡಲು ಹೊರಡುತ್ತಾಳೆ. ನಮಗೆ ಅದು ಆಗಲಿಲ್ಲ. 2017ರ ಎರಡನೆಯದನ್ನು ಮಾತ್ರ ನೋಡಿದೆವು. ಕೊನೆಯಲ್ಲಿ ಕರಡಿ ನೀರಿನೊಳಗೆ ಸಿಕ್ಕಿಕೊಳ್ಳುವ ಭಾಗ ಇದೆ, ಆಮೇಲೆ ಸರಿಹೋಗುತ್ತದೆ ಎಂದು ಹೇಳಿ ಕೂರಿಸಿದೆ. ಆ ಹೊತ್ತಿಗೆ ನನ್ನ ಕೈ ಹಿಡಿದುಕೊಂಡಳು, ಎದ್ದು ಹೋಗಲಿಲ್ಲ.

ಹೀಗೆ ಕೊನೆಯನ್ನೇ ಹೇಳಿಬಿಟ್ಟರೆ ನೋಡುವುದಕ್ಕೆ ಏನು ಉಳಿಯಿತು ಎಂದು ಅತ್ತೆ ಶುರುವಿನಲ್ಲಿ ತಕರಾರು ತೆಗೆದರು. ನಾನು ಅವರಿಗೆ ಹೇಳಿದ್ದು ಇಷ್ಟೇ. ಯಕ್ಷಗಾನಕ್ಕೆ ಹೋಗುವವರಿಗೆ ಅಭಿಮನ್ಯು ಸಾಯುತ್ತಾನೆ ಎಂದು ಗೊತ್ತಿಲ್ಲವೇ? ಗೊತ್ತಿದ್ದೂ ಬೆಳಗಿನವರೆಗೆ ಕೂರುತ್ತಾರೆ, ಗೊತ್ತಿದ್ದೂ ಅಳುತ್ತಾರೆ. ನನ್ನ ಮಗಳಿಗೂ ಅಳುವುದು ತೊಂದರೆಯಲ್ಲ. ಹೇಳದೆ ಕೇಳದೆ ಬಂದು ಬಡಿಯುವುದು ತೊಂದರೆ. ಏನು ಬರುತ್ತದೆ ಎಂದು ಗೊತ್ತಿದ್ದರೆ ಅವಳು ಎಷ್ಟೋ ಗಟ್ಟಿ. ಇದನ್ನು ನಾನು ಕಲಿತದ್ದು ಈ ತಾಣ ಬಳಸುತ್ತಾ ಬಳಸುತ್ತಾ.

ಇನ್ನು ಕೊರತೆಗಳು. ದೊಡ್ಡ ಕೊರತೆ ನಮ್ಮದೇ ಭಾಷೆಯದು. ನಾನು ಹುಡುಕಿದ ಕನ್ನಡ ಸಿನಿಮಾಗಳಲ್ಲಿ ಹೆಚ್ಚಿನವಕ್ಕೆ ಒಂದು ಮತವೂ ಬಿದ್ದಿರುವುದಿಲ್ಲ, ಪ್ರಶ್ನೆಗಳೆಲ್ಲ ಖಾಲಿ ಖಾಲಿ. ಇದು ತಾಣದ ತಪ್ಪಲ್ಲ. ಮತ ಹಾಕಬೇಕಾದವರು ನಾವು. ಆದರೆ ಬಳಸುವವರಿಗೆ ಸಿಗುವುದು ಖಾಲಿ ಪುಟವೇ. ಹಾಗಾಗಿ ಹಾಲಿವುಡ್, ಜಪಾನಿ ಚಿತ್ರಗಳಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಕನ್ನಡ ಚಿತ್ರಗಳ ಮಟ್ಟಿಗೆ ಒಂದೂವರೆ.

ಈ ಖಾಲಿ ಪುಟದಿಂದ ಎಂಥ ನಷ್ಟ ಎಂದು ಹೇಳಲು ‘777 ಚಾರ್ಲಿ’ ಸಾಕು. 2022ರಲ್ಲಿ ಬಂತು, ಶ್ರೇಷ್ಠ ಕನ್ನಡ ಚಿತ್ರ ಎಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ನೆಂಟರು, ಅಕ್ಕಪಕ್ಕದವರು, ಶಾಲೆಯ ಪೋಷಕರು ಎಲ್ಲರೂ ಹೇಳಿದ್ದು ಒಂದೇ, ನಾಯಿ ಅಂದರೆ ಪ್ರಾಣ ಬಿಡುವ ಮಗಳಿಗೆ ಇದನ್ನು ತೋರಿಸಿ ಅಂತ. ಪೋಸ್ಟರ್ ನೋಡಿದರೆ ಯಾರಿಗಾದರೂ ಹಾಗೆಯೇ ಅನಿಸುತ್ತದೆ. ನಾನು ಮೊದಲು ಒಬ್ಬಳೇ ಕೂತು ನೋಡಿದೆ. ಎಂಥ ಸಿನಿಮಾ! ಅತ್ತು ಅತ್ತು ಸಾಕಾಯಿತು. ನಾಯಿಗಳನ್ನು ಮರಿ ಹಾಕಿಸಲೆಂದೇ ಕೂಡಿಹಾಕಿ ಹಿಂಸಿಸುವವರ ಬಗ್ಗೆ ಅದು ಎತ್ತುವ ಪ್ರಶ್ನೆಯೂ ದೊಡ್ಡದು. ಆದರೆ ನಾಯಿ ಚಾರ್ಲಿಗೆ ಕ್ಯಾನ್ಸರ್. ಹಿಮ ನೋಡುವ ಅವಳ ಆಸೆ ತೀರಿಸಲು ನಾಯಕ ಧರ್ಮ ಅಷ್ಟು ದೂರ ಕರೆದುಕೊಂಡು ಹೋಗುತ್ತಾನೆ, ಅಲ್ಲಿಯೇ ಅವಳು ಸಾಯುತ್ತಾಳೆ. ಅವಳ ಮರಿಯೊಂದು ಉಳಿಯುತ್ತದೆ. ಇದನ್ನು ಯಾವ ಸರ್ಟಿಫಿಕೇಟೂ ಹೇಳುವುದಿಲ್ಲ. ಶಿಫಾರಸು ಮಾಡಿದವರೂ ‘ಸ್ವಲ್ಪ ಅಳು ಬರುತ್ತೆ ಅಷ್ಟೇ’ ಎಂದು ಮುಗಿಸಿದರು. ಒಂಬತ್ತು ವರ್ಷದ ನಾಯಿಪ್ರೇಮಿಗೆ ಅದು ಸ್ವಲ್ಪ ಅಲ್ಲ. ಅವಳು ದೊಡ್ಡವಳಾದ ಮೇಲೆ ಜೊತೆಗೆ ಕೂತು ಖಂಡಿತ ನೋಡುತ್ತೇವೆ, ಕೊನೆ ಏನು ಎಂದು ಅವಳಿಗೆ ಹೇಳಿಯೇ.

ಎರಡನೇ ಕೊರತೆ, ಒಂದು ಘಟನೆ ಇದೆಯೋ ಇಲ್ಲವೋ ಎಂದು ತಾಣ ಹೇಳುತ್ತದೆ, ಅದು ಎಷ್ಟು ಗಾಢ ಎಂದು ಹೇಳುವುದಿಲ್ಲ. ಅವಮಾನದ ದೃಶ್ಯಗಳ ವಿಷಯದಲ್ಲಂತೂ ಬಹಳ ಮಸುಕು. ತಮಾಷೆಗೆ ಕಾಲೆಳೆಯುವುದಕ್ಕೂ ತರಗತಿಯಲ್ಲಿ ಮರ್ಯಾದೆ ತೆಗೆಯುವುದಕ್ಕೂ ಇರುವ ದೂರ ಒಂದು ಮತದಲ್ಲಿ ಕಾಣುವುದಿಲ್ಲ. ಇನ್ನೊಂದು ಮಾತು, ಪೋಷಕರು ಗಮನಿಸಿ. ದೊಡ್ಡವರ ವಿಷಯಗಳ ಪ್ರಶ್ನೆಗಳೂ ಅದೇ ಪುಟದಲ್ಲಿ ಇರುತ್ತವೆ. ಹಾಗಾಗಿ ಮಕ್ಕಳ ಕೈಗೆ ಇದನ್ನು ಕೊಡಬೇಡಿ, ನೀವೇ ನೋಡಿ ಹೇಳಿ.

ಈ ಕೊರತೆ ತುಂಬಲು ನಾನು ಜೊತೆಗೆ ನೋಡುವುದು ಐಎಂಡಿಬಿ ಎಂಬ ಸಿನಿಮಾ ಮಾಹಿತಿ ತಾಣದ ಪೇರೆಂಟ್ಸ್ ಗೈಡ್. ಅಲ್ಲಿ ಐದು ವಿಭಾಗಗಳಿವೆ. ಪ್ರತಿಯೊಂದಕ್ಕೂ ಏನೂ ಇಲ್ಲ, ಸ್ವಲ್ಪ, ಮಧ್ಯಮ, ತೀವ್ರ ಎಂದು ಜನ ಮತ ಹಾಕುತ್ತಾರೆ. ‘ಭಯ ಹುಟ್ಟಿಸುವ, ಮನಸ್ಸು ಕಲಕುವ ದೃಶ್ಯಗಳು’ ಅನ್ನುವ ಕೊನೆಯ ವಿಭಾಗವೇ ನನಗೆ ಬೇಕಾದದ್ದು. ಕಾಮನ್ ಸೆನ್ಸ್ ಮೀಡಿಯಾ ಎಂಬ ಅಮೆರಿಕದ ಸಂಸ್ಥೆಯ ವಿಮರ್ಶೆಗಳು ಬರವಣಿಗೆಯಲ್ಲಿ ಇನ್ನೂ ಚೆಂದ. 2003ರಿಂದ ನಡೆಯುತ್ತಿದೆ. ಪೋಷಕರು ಹೇಳಿದ ವಯಸ್ಸು, ಮಕ್ಕಳೇ ಹೇಳಿದ ವಯಸ್ಸು ಬೇರೆ ಬೇರೆ ತೋರಿಸುತ್ತಾರೆ. ಕನ್ನಡ ಸಿನಿಮಾ ಹುಡುಕುವವರಿಗೆ ಮಾತ್ರ ಅದರಿಂದ ಉಪಯೋಗ ಕಡಿಮೆ.

ಯಾವ ತಾಣವೂ ಹೇಳದ ಒಂದು ವಿಷಯ ಥಿಯೇಟರ್‌ನಲ್ಲಿದೆ. ಸಿನಿಮಾದಲ್ಲಿ ತಂಬಾಕು ಸೇದುವ, ತಿನ್ನುವ ದೃಶ್ಯ ಇದ್ದರೆ ಶುರುವಿನಲ್ಲೂ ಮಧ್ಯದಲ್ಲೂ ಕನಿಷ್ಠ 30 ಸೆಕೆಂಡಿನ ಆರೋಗ್ಯ ಎಚ್ಚರಿಕೆ ತೋರಿಸಲೇಬೇಕು. 2023ರ ಸೆಪ್ಟೆಂಬರ್‌ನಿಂದ ಒಟಿಟಿಗೂ ಈ ನಿಯಮ ಬಂತು. ಅದರ ಉದ್ದೇಶ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಯಿ ಕ್ಯಾನ್ಸರ್‌ನ ಚಿತ್ರಗಳನ್ನು ಅಷ್ಟು ದೊಡ್ಡ ತೆರೆಯ ಮೇಲೆ ನೋಡಿದ ನನ್ನ ಮಗಳಿಗೆ ಸಿನಿಮಾ ಪೂರ್ತಿ ಮರೆತುಹೋಗಿ ಅದೊಂದೇ ನೆನಪಿನಲ್ಲಿ ಉಳಿಯಿತು. ಈಗ ನಾವು ಒಂದಷ್ಟು ತಡವಾಗಿ ಒಳಗೆ ಹೋಗುತ್ತೇವೆ, ಇಂಟರ್ವಲ್ ಆದ ಮೇಲೂ ನಿಧಾನವಾಗಿ ಬರುತ್ತೇವೆ. ಮಕ್ಕಳ ಸಿನಿಮಾಕ್ಕೆ ಮುಂಚೆ ಬೇರೆ ಚಿತ್ರಗಳ ಟ್ರೇಲರ್ ಹಾಕುವ ಹಾವಳಿಯಿಂದಲೂ ಹೀಗೇ ಪಾರಾಗಬಹುದು. ಮನೆಯಲ್ಲಿ ನೆಟ್‌ಫ್ಲಿಕ್ಸ್ ಇದ್ದರೆ, ತಾನಾಗಿಯೇ ಓಡುವ ಪ್ರಿವ್ಯೂಗಳನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದು, ಬೇಡದ ಚಿತ್ರವನ್ನು ಹೆಸರು ಹಾಕಿ ತಡೆಯಬಹುದು. ಮೊದಲ ದಿನವೇ ಮಾಡಿಡಿ.

ನಮ್ಮಲ್ಲಿ ಚೆನ್ನಾಗಿ ನಡೆದ ಕನ್ನಡದ್ದು ಅಂದರೆ ‘ಗಂಧದ ಗುಡಿ’. ಅಮೋಘವರ್ಷ ಅವರ ಸಾಕ್ಷ್ಯಚಿತ್ರ, ಪುನೀತ್ ರಾಜ್‌ಕುಮಾರ್ ತೀರಿಕೊಂಡ ಒಂದು ವರ್ಷಕ್ಕೆ, 2022ರ ಅಕ್ಟೋಬರ್‌ನಲ್ಲಿ ಬಂತು. ಕಾಡು, ನದಿ, ಕಡಲು, ಇಬ್ಬರ ಮಾತು. ಮಗಳು ಆರಾಮಾಗಿ ನೋಡಿದಳು. ಅಜ್ಜಿ ಮಾತ್ರ ಅಪ್ಪು ನಕ್ಕಾಗಲೆಲ್ಲ ಕಣ್ಣೊರೆಸಿಕೊಂಡರು. ‘ಅಜ್ಜಿ, ನಿಮಗೆ ಮೊದಲೇ ಹೇಳಬೇಕಿತ್ತಾ?’ ಎಂದು ಇವಳೇ ಕೇಳಿದಳು. ಇನ್ನೊಂದು, ಮೂಲದಲ್ಲಿ ಹಿಂದಿಯದ್ದಾದರೂ ನಮ್ಮದೇ ಅನಿಸುವ, ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ ಟಿವಿ ಧಾರಾವಾಹಿ ‘ಮಾಲ್ಗುಡಿ ಡೇಸ್’. ಅದರ ಪುಟ್ಟ ಹುಡುಗ ಸ್ವಾಮಿಗೆ ಶಾಲೆಯಲ್ಲಿ ಪೆಟ್ಟು ಬೀಳುವ ಭಾಗ ಬಿಟ್ಟು ಉಳಿದ ಕಂತುಗಳನ್ನು ಬಿಡಿಬಿಡಿಯಾಗಿ ನೋಡುತ್ತಿದ್ದೇವೆ. ಕಂತು ಚಿಕ್ಕದಾಗಿರುವುದು ಇಂಥ ಮಕ್ಕಳಿಗೆ ದೊಡ್ಡ ಅನುಕೂಲ.

ಯಾರಿಗೆ ಇದು ಬೇಕು? ಎಲ್ಲ ಮನೆಗೂ ಬೇಕಿಲ್ಲ. ಮಗು ಏನು ನೋಡಿದರೂ ಮರುದಿನ ಮರೆತು ಆಡುತ್ತದೆ ಅನ್ನುವಂತಿದ್ದರೆ ಸರ್ಟಿಫಿಕೇಟ್ ಸಾಕು. ಒಂದು ದೃಶ್ಯ ವಾರಗಟ್ಟಲೆ ಮನಸ್ಸಿನಲ್ಲಿ ಉಳಿಯುವ ಮಗು ಇದ್ದರೆ, ಅಥವಾ ಆಸ್ಪತ್ರೆಯ ದೃಶ್ಯ ನೋಡಲಾಗದ ಹಿರಿಯರು ಇದ್ದರೆ, ತಪ್ಪದೆ ಬಳಸಿ. ನಾನೀಗ ನೋಡಿದ ಪ್ರತಿ ಕನ್ನಡ ಸಿನಿಮಾಕ್ಕೂ ಅಲ್ಲಿ ಮತ ಹಾಕಿ, ಒಂದೆರಡು ಸಾಲು ಸೇರಿಸುತ್ತಿದ್ದೇನೆ. ಸರಳ ಇಂಗ್ಲಿಷ್ ಬಂದರೆ ಸಾಕು, ಹೆಚ್ಚು ಹೊತ್ತು ಹಿಡಿಯುವುದಿಲ್ಲ. ನಿಮಗೆ ಮಕ್ಕಳ ಕನ್ನಡ ಸಿನಿಮಾ ಯಾವುದಾದರೂ ಗೊತ್ತಿದ್ದು, ಅದರಲ್ಲಿ ಮೇಷ್ಟ್ರು ಯಾರನ್ನೂ ಎಲ್ಲರೆದುರು ಬೈಯುವುದಿಲ್ಲ ಅನ್ನುವುದು ಖಚಿತವಾಗಿದ್ದರೆ ದಯವಿಟ್ಟು ತಿಳಿಸಿ. ಕೊನೆ ಏನಾಗುತ್ತದೆ ಅನ್ನುವುದನ್ನೂ ಸೇರಿಸಿ ಹೇಳಿ.