ಎನ್‌ಮ್ಯಾಪ್ ಹೊಸ ವರ್ಷನ್ ಬೇಕೆಂದು ಹುಡುಕುವವರೇ, ಗೂಗಲ್‌ನಲ್ಲಿ ಎಲ್ಲಕ್ಕಿಂತ ಮೇಲೆ ಬರುವ ಲಿಂಕ್ ಒತ್ತಬೇಡಿ

ಎನ್‌ಮ್ಯಾಪ್ (ನೆಟ್‌ವರ್ಕ್‌ನಲ್ಲಿ ಏನೇನಿದೆ ಅಂತ ಸ್ಕ್ಯಾನ್ ಮಾಡಿ ಹೇಳುವ ಟೂಲ್) ಬಳಸುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ಹೊಸ ವರ್ಷನ್ ಬಂದಿದೆ ಅಂತ ಗೊತ್ತಾದ ಕೂಡಲೇ ಗೂಗಲ್‌ನಲ್ಲಿ ಹುಡುಕಿ, ಎಲ್ಲಕ್ಕಿಂತ ಮೇಲೆ ಕಂಡದ್ದನ್ನು ಇಳಿಸಿಕೊಳ್ಳಬೇಡಿ. ನಾನು ನೆಟ್‌ವರ್ಕ್ ನೋಡಿಕೊಳ್ಳುವ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಹೀಗೆ ಇಳಿಸಿದ ಒಂದೇ ಫೈಲ್‌ನಿಂದಾಗಿ ಆಫೀಸಿನ ಎಲ್ಲ ಕಂಪ್ಯೂಟರ್‌ಗಳನ್ನೂ ಮೊದಲಿನಿಂದ ಕಟ್ಟಬೇಕಾಯಿತು.

2025ರ ಮೇ ತಿಂಗಳಲ್ಲಿ ಎನ್‌ಮ್ಯಾಪ್ 7.96 ಬಂತು. ಒಳ್ಳೆಯ ವರ್ಷನ್. ಹೋಸ್ಟ್, ಅಂದರೆ ಕಂಪ್ಯೂಟರ್ ಹೆಸರುಗಳ ಉದ್ದ ಪಟ್ಟಿ ಕೊಟ್ಟರೆ ಮೊದಲು ಒಂದೊಂದಾಗಿ ಡಿಎನ್‌ಎಸ್ (ಹೆಸರಿಗೆ ತಕ್ಕ ನೆಟ್‌ವರ್ಕ್ ವಿಳಾಸ ಹೇಳುವ ವ್ಯವಸ್ಥೆ) ಅನ್ನು ಕೇಳುತ್ತಿತ್ತು, ಈಗ ಒಟ್ಟೊಟ್ಟಿಗೆ ಕೇಳುತ್ತದೆ. ತುಂಬಾ ಸಮಯ ಉಳಿಯುತ್ತದೆ. ಎನ್‌ಮ್ಯಾಪ್‌ನ ಕಿಟಕಿ ರೂಪವಾದ ಜೆನ್‌ಮ್ಯಾಪ್‌ಗೆ ಡಾರ್ಕ್ ಮೋಡ್ ಕೂಡ ಬಂತು. ಅದೇ ತಿಂಗಳಲ್ಲಿ 7.97 ಕೂಡ ಹೊರಬಿತ್ತು. ಹೀಗೆ ಬೆನ್ನುಬೆನ್ನಿಗೆ ವರ್ಷನ್ ಬಂದಾಗ ಜನ ಮತ್ತೆ ಮತ್ತೆ ಹುಡುಕುತ್ತಾರೆ. ನಕಲಿ ಪುಟ ಇಟ್ಟುಕೊಂಡು ಕೂತವರಿಗೆ ಬೇಕಿರುವುದೂ ಅದೇ.

ಕಾರ್ಖಾನೆಯ ದೊಡ್ಡ ಗಿರಾಕಿಯೊಬ್ಬರು ನೆಟ್‌ವರ್ಕ್‌ನಲ್ಲಿ ಏನೇನಿದೆ ಅಂತ ಪಟ್ಟಿ ಕೇಳಿದ್ದರು. ಆ ಕೆಲಸಕ್ಕೆ ಯಜಮಾನರು ಹೊರಗಿನ ಏಜೆನ್ಸಿಯೊಂದನ್ನು ಕರೆಸಿದರು. ಅಲ್ಲಿಂದ ಬಂದ ಹುಡುಗ ಅಕೌಂಟ್ಸ್ ಮೇಡಂ ಅವರ ಕಂಪ್ಯೂಟರ್‌ನಲ್ಲಿ ಡೊಮೇನ್ ಅಡ್ಮಿನ್ ಪಾಸ್‌ವರ್ಡ್ (ಆಫೀಸಿನ ಎಲ್ಲ ಕಂಪ್ಯೂಟರ್‌ಗಳ ಮೇಲೂ ಅಧಿಕಾರ ಕೊಡುವಂಥದ್ದು) ಹಾಕಿ ಕೂತ. ಎನ್‌ಮ್ಯಾಪ್ ಹಳೆಯದಾಯಿತು, ಹೊಸದು ಹಾಕುತ್ತೇನೆ ಅಂದ. ಹುಡುಕಿದಾಗ ಮೇಲೆ ಬಂದದ್ದು ಜಾಹೀರಾತು. ವಿಳಾಸ ಅಸಲಿಯಂತೆಯೇ ಇತ್ತು, ನಡುವೆ ಒಂದು ಗೆರೆ ಮತ್ತು ಇನ್ನೊಂದು ಪದ ಮಾತ್ರ ಜಾಸ್ತಿ. ಇದೆಲ್ಲ ನನಗೆ ಆಮೇಲೆ ಬ್ರೌಸರ್ ಹಿಸ್ಟರಿಯಲ್ಲಿ ಸಿಕ್ಕಿತು.

ಇಳಿದದ್ದು ಒಂದು ಜಿಪ್. ಒಳಗೆ ಸೆಟಪ್ ಫೈಲ್, ಪಕ್ಕದಲ್ಲೇ ಒಂದು ಡಿಎಲ್‌ಎಲ್ (ಪ್ರೋಗ್ರಾಮ್ ಓಡುವಾಗ ಜೊತೆಗೆ ಎಳೆದುಕೊಳ್ಳುವ ಕೋಡ್ ಫೈಲ್). ತೆರೆದ ತಕ್ಷಣ ಆ್ಯಂಟಿವೈರಸ್ ಕೆಂಪು ಬಾಕ್ಸ್ ತೋರಿಸಿತು. ಮೇಡಂ ಪಕ್ಕದಲ್ಲೇ ನಿಂತಿದ್ದರು. ‘ಸರ್, ಏನೋ ವೈರಸ್ ಅಂತಿದೆಯಲ್ಲ?’ ಅಂತ ಕೇಳಿದರು. ‘ಏನಿಲ್ಲ ಮೇಡಂ, ಈ ಟೂಲ್‌ಗೆ ಯಾವಾಗ್ಲೂ ಹಿಂಗೇ ಕೂಗುತ್ತೆ’ ಅಂತ ಹೇಳಿ, ಆ ಫೋಲ್ಡರನ್ನು ಆ್ಯಂಟಿವೈರಸ್ ನೋಡದಂತೆ ಮಾಡಿಬಿಟ್ಟ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆ ಹುಡುಗ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಸ್ಕ್ಯಾನ್ ಮಾಡುವ ಟೂಲ್‌ಗಳನ್ನು ಕಳ್ಳರೂ ಬಳಸುತ್ತಾರೆ, ಕಾವಲಿನವರೂ ಬಳಸುತ್ತಾರೆ. ಹಾಗಾಗಿ ಕೆಲವು ಆ್ಯಂಟಿವೈರಸ್‌ಗಳು ಅಸಲಿ ಟೂಲ್ ಕಂಡರೂ ಎಚ್ಚರಿಸುತ್ತವೆ. ವರ್ಷಗಟ್ಟಲೆ ಅದನ್ನು ನೋಡಿ ನೋಡಿ ನಮ್ಮ ಕಸುಬಿನವರಿಗೆ ಆ ಎಚ್ಚರಿಕೆ ದಾಟಿ ಹೋಗುವುದು ರೂಢಿಯಾಗಿದೆ. ಮೋಸಗಾರರು ಸ್ಕ್ಯಾನರ್‌ಗಳನ್ನೇ ನಕಲು ಮಾಡಲು ಇದೊಂದು ಕಾರಣ. ಇನ್ನೊಂದು ಕಾರಣ, ಇವನ್ನು ಇಳಿಸುವವರ ಕೈಯಲ್ಲಿ ಅಡ್ಮಿನ್ ಪಾಸ್‌ವರ್ಡ್ ಇರುತ್ತದೆ. ಸಾಮಾನ್ಯ ಬಳಕೆದಾರರನ್ನು ಹಿಡಿದರೆ ಒಂದು ಕಂಪ್ಯೂಟರ್ ಸಿಗಬಹುದು, ಅಡ್ಮಿನ್ ಸಿಕ್ಕರೆ ಇಡೀ ಆಫೀಸೇ ಸಿಗುತ್ತದೆ.

ಆವತ್ತು ಸ್ಕ್ಯಾನ್ ಸರಿಯಾಗಿಯೇ ನಡೆಯಿತು, ಪಟ್ಟಿ ಬಂತು, ಯಾರಿಗೂ ಅನುಮಾನ ಬರಲಿಲ್ಲ. ಆ ಜಿಪ್ ಅಸಲಿ ಎನ್‌ಮ್ಯಾಪ್ ಅನ್ನೂ ಹಾಕಿತ್ತು, ಜೊತೆಗೆ ಬೇರೆಯದನ್ನೂ ಹಾಕಿತ್ತು.

ನನ್ನ ಕಣ್ಣಿಗೆ ಬಿದ್ದದ್ದು ಡಿಎನ್‌ಎಸ್ ಲಾಗ್. ಎಲ್ಲರೂ ಮನೆಗೆ ಹೋದ ಮೇಲೂ ಮೇಡಂ ಅವರ ಕಂಪ್ಯೂಟರ್ ಇಂಟರ್ನೆಟ್‌ನ ಒಂದೇ ಡೊಮೇನ್ ಹೆಸರಿನ ಬಗ್ಗೆ ಕೇಳುತ್ತಲೇ ಇತ್ತು. ಆ ಹೆಸರಿನ ಮುಂದೆ ಪ್ರತಿ ಸಲವೂ ಅರ್ಥವಿಲ್ಲದ ಉದ್ದುದ್ದ ಅಕ್ಷರಗಳು. ಕೇಳುತ್ತಿದ್ದದ್ದು ಎಂಎಕ್ಸ್ ದಾಖಲೆ, ಅಂದರೆ ಆ ಡೊಮೇನ್‌ಗೆ ಮೇಲ್ ಎಲ್ಲಿಗೆ ಕಳಿಸಬೇಕು ಅನ್ನುವ ಮಾಹಿತಿ. ಅಕೌಂಟ್ಸ್ ಕಂಪ್ಯೂಟರ್‌ಗೆ ರಾತ್ರಿ ಹೊತ್ತು ಅದು ಯಾಕೆ ಬೇಕು ಹೇಳಿ? ಆ ಅಕ್ಷರಗಳೇ ಹೊರಗೆ ಹೋಗುತ್ತಿದ್ದ ಮಾಹಿತಿ. ಡಿಎನ್‌ಎಸ್ ಅನ್ನು ಯಾವ ಫೈರ್‌ವಾಲ್ ಕೂಡ ಸಾಮಾನ್ಯವಾಗಿ ತಡೆಯುವುದಿಲ್ಲ, ಹಾಗಾಗಿ ಸುಲಭವಾಗಿ ದಾಟಿಕೊಂಡು ಹೋಗುತ್ತದೆ.

ಈ ಬಗೆ ಹೊಸದಲ್ಲ. 2024ರ ಏಪ್ರಿಲ್‌ನಲ್ಲಿ ಸೈಬರ್ ಭದ್ರತಾ ಕಂಪನಿ ಝೀಸ್ಕೇಲರ್‌ನ ಸಂಶೋಧಕರು ಇಂಥದ್ದನ್ನೇ ವಿವರವಾಗಿ ಬರೆದಿದ್ದರು. ಅಡ್ವಾನ್ಸ್ಡ್ ಐಪಿ ಸ್ಕ್ಯಾನರ್, ಆ್ಯಂಗ್ರಿ ಐಪಿ ಸ್ಕ್ಯಾನರ್ ಮುಂತಾದ ಟೂಲ್‌ಗಳ ಹೆಸರುಗಳನ್ನು ಹೋಲುವ ವಿಳಾಸಗಳನ್ನು ಯಾರೋ ಕೊಂಡು, ಗೂಗಲ್ ಜಾಹೀರಾತು ಕೊಟ್ಟು ಮೇಲೆ ಬರುವಂತೆ ಮಾಡಿದ್ದರು. ಅಲ್ಲೂ ಜಿಪ್, ಅಲ್ಲೂ ಡಿಎಲ್‌ಎಲ್, ಅಲ್ಲೂ ಎಂಎಕ್ಸ್ ಪ್ರಶ್ನೆಗಳು. ಎನ್‌ಮ್ಯಾಪ್‌ಗಂತೂ ಈ ಕಾಟ ಇನ್ನೂ ಹಳೆಯದು. 2011ರ ಕೊನೆಯಲ್ಲಿ ಡೌನ್‌ಲೋಡ್ ಡಾಟ್ ಕಾಮ್ ತನ್ನದೇ ಇನ್‌ಸ್ಟಾಲರ್‌ನಲ್ಲಿ ಎನ್‌ಮ್ಯಾಪ್ ಸುತ್ತಿ, ಟೂಲ್‌ಬಾರ್ ಸೇರಿಸಿ ಕೊಡುತ್ತಿತ್ತು. ಎನ್‌ಮ್ಯಾಪ್ ಬರೆದ ಗೋರ್ಡನ್ ಲಯನ್ ಆಗ ಬಹಿರಂಗವಾಗಿಯೇ ದೂರಿದ್ದರು.

ಕಾರ್ಖಾನೆಯಲ್ಲಿ ಹಣ ಹೋಗಲಿಲ್ಲ, ಅದೊಂದು ಪುಣ್ಯ. ಆದರೆ ಬ್ರೌಸರ್‌ನಲ್ಲಿ ಉಳಿಸಿಟ್ಟಿದ್ದ ಬ್ಯಾಂಕ್, ಜಿಎಸ್‌ಟಿ ಪಾಸ್‌ವರ್ಡ್‌ಗಳೆಲ್ಲ ಹೋಗಿವೆ ಅಂತಲೇ ಲೆಕ್ಕ ಹಾಕಿ ಬದಲಿಸಬೇಕಾಯಿತು. ಅಡ್ಮಿನ್ ಖಾತೆ ಕೈತಪ್ಪಿದ ಮೇಲೆ ಆಫೀಸಿನ ಡೊಮೇನ್‌ನ ಯಾವ ಕಂಪ್ಯೂಟರನ್ನೂ ನಂಬುವಂತಿಲ್ಲ. ಎಲ್ಲರ ಪಾಸ್‌ವರ್ಡ್, ಅದರ ಜೊತೆಗೆ ಡೊಮೇನ್‌ನ ಟಿಕೆಟ್‌ಗಳಿಗೆ (ಲಾಗಿನ್ ಆದವರಿಗೆ ಸಿಗುವ ಪ್ರವೇಶ ಚೀಟಿಗಳು) ಸಹಿ ಹಾಕುವ ಖಾತೆಯ ಪಾಸ್‌ವರ್ಡ್ ಕೂಡ ಬದಲಿಸಬೇಕು. ಅದನ್ನು ಎರಡು ಸಲ ಬದಲಿಸಬೇಕು, ಯಾಕೆಂದರೆ ಹಿಂದಿನದನ್ನೂ ಅದು ನೆನಪಿಟ್ಟುಕೊಂಡಿರುತ್ತದೆ. ಜಿಎಸ್‌ಟಿ ರಿಟರ್ನ್ ಕೊಡುವ 20ನೇ ತಾರೀಖು ಹತ್ತಿರ ಬಂದಿತ್ತು. ಮೇಡಂ ಬಿಲ್‌ಗಳನ್ನು ಕೈಯಲ್ಲಿ ಬರೆದಿಟ್ಟುಕೊಂಡು ಕೆಲಸ ಸಾಗಿಸಿದರು. ಏನೂ ತಪ್ಪು ಮಾಡದ, ಸರಿಯಾದ ಪ್ರಶ್ನೆಯನ್ನೇ ಕೇಳಿದ್ದ ಅವರು ಅಷ್ಟು ಪಾಡು ಪಟ್ಟದ್ದು ನನಗೆ ಇವತ್ತಿಗೂ ಬೇಸರ.

ಅಸಲಿ ಫೈಲ್ ಸಿಗುವುದು ಎನ್‌ಮ್ಯಾಪ್ ಡಾಟ್ ಆರ್ಗ್‌ನಲ್ಲಿ. ವಿಳಾಸವನ್ನು ನೀವೇ ಟೈಪ್ ಮಾಡಿ, ಬುಕ್‌ಮಾರ್ಕ್ ಇಟ್ಟುಕೊಳ್ಳಿ. ವಿಂಡೋಸ್‌ಗೆ ಅಲ್ಲಿ ಸಿಗುವುದು ಒಂದೇ ಸೆಟಪ್ ಫೈಲ್. ಹಾಕುವಾಗ ನಡುವೆ ಎನ್‌ಪಿಕ್ಯಾಪ್‌ಗೆ (ನೆಟ್‌ವರ್ಕ್‌ನ ಪ್ಯಾಕೆಟ್ ಹಿಡಿಯಲು ಎನ್‌ಮ್ಯಾಪ್ ಬಳಸುವ ಡ್ರೈವರ್) ಅಂತ ಬೇರೆ ಕಿಟಕಿ ತೆರೆದು ಒಪ್ಪಿಗೆ ಕೇಳುತ್ತದೆ.

ಡಿಜಿಟಲ್ ಸಹಿ ಇದೆ ಅಂತ ನೋಡಿ ಸುಮ್ನಾಗಬೇಡಿ. ಯಾರ ಸಹಿ ಅಂತ ಓದಿ. ಬೇರೊಂದು ಕಂಪನಿ ಸಹಿ ಮಾಡಿದ ಒಳ್ಳೆಯ ಪ್ರೋಗ್ರಾಮಿಗೇ ಎನ್‌ಮ್ಯಾಪ್ ಅಂತ ಹೆಸರಿಟ್ಟು, ಪಕ್ಕದಲ್ಲಿ ಕೆಟ್ಟ ಡಿಎಲ್‌ಎಲ್ ಇಡುವುದೇ ಇವರ ಉಪಾಯ. ಅದಕ್ಕಿಂತ ಗಟ್ಟಿಯಾದದ್ದು ಹ್ಯಾಶ್, ಅಂದರೆ ಫೈಲ್‌ನ ಬೆರಳಚ್ಚಿನಂಥ ಅಕ್ಷರಗಳ ಸಾಲು, ಹೋಲಿಸುವುದು. ಎನ್‌ಮ್ಯಾಪ್ ತಾಣದಲ್ಲಿ ಪ್ರತಿ ಫೈಲ್‌ಗೂ ಹ್ಯಾಶ್ ಮತ್ತು ಪಿಜಿಪಿ ಸಹಿ (ಫೈಲ್ ಅವರದ್ದೇ ಅಂತ ತೋರಿಸುವ ಇನ್ನೊಂದು ಗುರುತು) ಇಟ್ಟಿದ್ದಾರೆ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಕಮಾಂಡ್‌ಗೆ ನಿಮ್ಮ ಫೈಲ್ ಕೊಟ್ಟರೆ ಅದರ ಎಸ್‌ಎಚ್‌ಎ 256 ಹ್ಯಾಶ್ ಬರುತ್ತದೆ. ಅದೂ ತಾಣದಲ್ಲಿರುವ ಎಸ್‌ಎಚ್‌ಎ 256 ಹ್ಯಾಶೂ ಅಕ್ಷರಕ್ಕಕ್ಷರ ಒಂದೇ ಇರಬೇಕು. ಲಿನಕ್ಸ್‌ನವರು ತಮ್ಮ ಡಿಸ್ಟ್ರೋ ಕೊಡುವ ಪ್ಯಾಕೇಜೇ ಹಾಕಿಕೊಳ್ಳಿ. ಒಂದೆರಡು ವರ್ಷನ್ ಹಿಂದೆ ಇದ್ದರೂ ಪರವಾಗಿಲ್ಲ.

ಈಗಾಗಲೇ ಇಂಥದ್ದನ್ನು ಹಾಕಿಬಿಟ್ಟಿದ್ದರೆ ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆರಿಸಿ. ಗಾಬರಿಯಲ್ಲಿ ಫೈಲ್ ಅಳಿಸಬೇಡಿ, ತನಿಖೆಗೆ ಅದೇ ಬೇಕು. ಬ್ಯಾಕಪ್ ಡಿಸ್ಕ್ ಚುಚ್ಚಿಕೊಂಡೇ ಇದ್ದರೆ ಅದನ್ನೂ ತೆಗೆಯಿರಿ. ಪಾಸ್‌ವರ್ಡ್‌ಗಳನ್ನು ಬೇರೆ ಶುದ್ಧ ಕಂಪ್ಯೂಟರ್‌ನಿಂದಲೇ ಬದಲಿಸಿ, ಆ ಕಂಪ್ಯೂಟರ್‌ನಿಂದ ಬೇಡ. ಕಂಪನಿಗಳು ಇಂಥ ಘಟನೆಯನ್ನು ಗೊತ್ತಾದ 6 ಗಂಟೆಯೊಳಗೆ ತನಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಉಳಿಸಬೇಕು ಅಂತ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಕೊಟ್ಟಿದೆ. ಖಾತೆಯಿಂದ ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಕೂಡಲೇ ಹೇಳಿ.